ಮನೆಯನ್ನು ಎಳೆಯುವ ಲೆಕ್ಕ

ಶಿವಮೊಗ್ಗ ಜಿಲ್ಲೆಯಿಂದ ಪ್ರಥಮ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ಉದ್ದನೆಯ ಪತ್ರ ಬರೆದಿದ್ದಾಳೆ. ಆಕೆಯ ಚಿಕ್ಕಪ್ಪ ಅಮೆರಿಕದ ಡೆನ್ವರ್‌ನಲ್ಲಿ ಕೆಲಸದಲ್ಲಿದ್ದಾರೆ. ಬರುವ ಬೇಸಿಗೆಯಲ್ಲಿ ಅಜ್ಜ ಅಜ್ಜಿ ಅಲ್ಲಿಗೆ ಹೋಗುವವರಿದ್ದಾರೆ. ಅವರಿಬ್ಬರನ್ನೂ ಬೆಟ್ಟಗಳಾಚೆ ಸುತ್ತಾಡಿಸಲೆಂದು ಚಿಕ್ಕಪ್ಪ ಒಂದು ಟ್ರಾವೆಲ್ ಟ್ರೇಲರಿಗೆ, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಚಕ್ರದ ಮೇಲಿನ ಮನೆಗೆ, ಮುಂಗಡ ಕೊಟ್ಟಿದ್ದಾರಂತೆ. ಅಡಿಗೆಮನೆ, ಹಾಸಿಗೆ, ಬಚ್ಚಲು ಎಲ್ಲವೂ ಅದರಲ್ಲಿ ಉಂಟು. “ತುಂಬಿದ ಟ್ರೇಲರಿನ ತೂಕ 3,200 ಕಿಲೊ. ಚಿಕ್ಕಪ್ಪನ ಕಾರು 4,000 ಕಿಲೊ ಎಳೆಯುತ್ತದೆಂದು ಕಂಪನಿಯೇ ಬರೆದಿದೆ. ಆದರೂ ನಮ್ಮ ಅಪ್ಪ ‘ಎಳೆಯೋದು ಬೇರೆ, ಹೊರೋದು ಬೇರೆ ಕಣಮ್ಮ’ ಅನ್ನುತ್ತಾರೆ. ಯಾರು ಸರಿ ಸಾರ್?” ಎಂದು ಆಕೆಯ ಪ್ರಶ್ನೆ. ಅಪ್ಪ ಟ್ರ್ಯಾಕ್ಟರ್ ಇಟ್ಟುಕೊಂಡವರಂತೆ. ಕಾರಿನ ವಿವರಗಳನ್ನೆಲ್ಲ ಚಿಕ್ಕಪ್ಪನಿಂದ ತರಿಸಿ ಕಳಿಸಿದ್ದಾಳೆ. ಆಕೆಗೆ ಭೇಷ್ ಎನ್ನಬೇಕು.

ಅಪ್ಪ ಸರಿ. ಹೇಗೆಂದು ನೋಡೋಣ.

ಎತ್ತಿನ ಗಾಡಿಗೆ ಹುಲ್ಲು ಹೇರುವುದನ್ನು ನೋಡಿದವರಿಗೆ ಅರ್ಧ ಪಾಠ ಆಗಲೇ ತಿಳಿದಿದೆ. ಗಾಡಿಗೆ ಇರುವುದು ಒಂದೇ ಅಚ್ಚು. ಅದರ ಮುಂದಕ್ಕೆ ಹೊರೆ ಹೆಚ್ಚಾದರೆ ಮುಂಭಾರ. ನೊಗ ಎತ್ತಿನ ಕುತ್ತಿಗೆಯನ್ನು ಅದುಮುತ್ತದೆ. ಹಿಂದಕ್ಕೆ ಹೆಚ್ಚಾದರೆ ಹಿಂಭಾರ. ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ತಿಳಿದ ರೈತ ಸ್ವಲ್ಪವೇ ಮುಂಭಾರ ಇರುವಂತೆ ಹೇರುತ್ತಾನೆ. ಟ್ರಾವೆಲ್ ಟ್ರೇಲರ್ ಕೂಡ ಹೀಗೆಯೇ. ಅದರ ಅಚ್ಚುಗಳು, ಒಂದಿರಲಿ ಎರಡಿರಲಿ, ನಡುಭಾಗದ ಹತ್ತಿರ ಇರುತ್ತವೆ. ಮುಂದಿನ ಮೂಕಿಯ ತುದಿ ಕಾರಿನ ಹಿಂದಿರುವ ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ಆ ಗುಂಡಿನ ಮೇಲೆ ಬೀಳುವ ತೂಕವನ್ನು ಕೊಂಡಿಯ ಭಾರ ಎಂದು ಕರೆಯೋಣ. ಅಮೆರಿಕದ ರೂಢಿಯಲ್ಲಿ ಇದು ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಇರಬೇಕು. ನಡುವಿನ ಹನ್ನೆರಡೂವರೆ ಎಂದರೆ 3,200 ಕಿಲೊಗೆ 400 ಕಿಲೊ ಆಯಿತು.

ಈ 400 ಕಿಲೊವನ್ನು ಕಾರು ಎಳೆಯುವುದಲ್ಲ, ಹೊರುವುದು. ಕಾರಿನ ಲೆಕ್ಕದಲ್ಲಿ ಅದು ಡಿಕ್ಕಿಯಲ್ಲಿಟ್ಟ ಎಂಟು ಸಿಮೆಂಟ್ ಚೀಲಕ್ಕೆ ಸಮ. ಅಮೆರಿಕದಲ್ಲಿ ಮಾರುವ ಪ್ರತಿ ಕಾರಿನ ಚಾಲಕನ ಬಾಗಿಲ ಚೌಕಟ್ಟಿನ ಬಳಿ ಒಂದು ಚೀಟಿ ಅಂಟಿಸಿರುತ್ತಾರೆ: ಜನ ಮತ್ತು ಸಾಮಾನು ಸೇರಿ ಇಷ್ಟು ತೂಕ ಮೀರಬಾರದು ಎಂದು. ಚಿಕ್ಕಪ್ಪನ ಎಂಟು ಸೀಟಿನ ಕಾರಿನ ಚೀಟಿಯಲ್ಲಿ ಅದು 680 ಕಿಲೊ. ಈಗ ಕೂಡಿಸಿ. ದೊಡ್ಡವರು ನಾಲ್ವರು, ತಲಾ 70ರಂತೆ 280. ಮಕ್ಕಳಿಬ್ಬರು, 70. ಕೊಂಡಿಯ ಭಾರ 400. ಕೊಂಡಿಯ ಉಕ್ಕಿನ ಸಾಮಗ್ರಿಯೇ 45. ಹಿಂದೆ ಇಡುವ ಪೆಟ್ಟಿಗೆ, ಬುತ್ತಿ ಇತ್ಯಾದಿ 60 ಎನ್ನಿ. ಒಟ್ಟು 855. ಮಿತಿಗಿಂತ 175 ಕಿಲೊ ಹೆಚ್ಚು! ಎಳೆಯುವ ಲೆಕ್ಕದಲ್ಲಿ 800 ಕಿಲೊ ಇನ್ನೂ ಬಾಕಿ ಇದೆ. ಹೊರುವ ಲೆಕ್ಕದಲ್ಲಿ ಕಾರು ಆಗಲೇ ಸೋತಿದೆ. ಅಜ್ಜ ಅಜ್ಜಿಯನ್ನು ಮನೆಯಲ್ಲೇ ಬಿಟ್ಟು ಹೊರಟರೂ 715 ಆಗುತ್ತದೆ. ಆದ್ದರಿಂದ ತಪ್ಪನ್ನು ಹಿರಿಯರ ತಲೆಗೆ ಕಟ್ಟುವಂತಿಲ್ಲ.

ಹಾಗಾದರೆ ಕಂಪನಿ ಬರೆದ 4,000 ಸುಳ್ಳೇ? ಸುಳ್ಳಲ್ಲ. ಅದು ಯಾವ ಪರೀಕ್ಷೆಯಲ್ಲಿ ಬಂದ ಅಂಕ ಎಂದು ಕೇಳಬೇಕು, ಅಷ್ಟೆ. ಮೊದಲು ಒಂದೊಂದು ಕಂಪನಿ ತನಗೆ ತೋಚಿದಂತೆ ಅಳೆಯುತ್ತಿತ್ತು. 2008ರಲ್ಲಿ ಅಲ್ಲಿನ ವಾಹನ ಎಂಜಿನಿಯರುಗಳ ಸಂಸ್ಥೆ ‘ಜೆ 2807’ ಎಂಬ ಸಮಾನ ಅಳತೆಯನ್ನು ಗೊತ್ತುಮಾಡಿತು. ಕಂಪನಿಗಳು ಅದನ್ನು ಒಪ್ಪಿಕೊಳ್ಳಲು ಇನ್ನೂ ಕೆಲವು ವರ್ಷ ಹಿಡಿಯಿತು. ಪರೀಕ್ಷೆ ಸುಲಭದ್ದಲ್ಲ. ಕೊಲರಾಡೊ ನದಿಯ ಡೇವಿಸ್ ಅಣೆಕಟ್ಟಿನ ಬಳಿಯ ಸುಮಾರು 18 ಕಿ.ಮೀ. ಏರುದಾರಿಯನ್ನು 38 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ, ಏರ್ ಕಂಡಿಷನರನ್ನು ಪೂರ್ತಿ ಓಡಿಸುತ್ತ, ಗಂಟೆಗೆ 64 ಕಿ.ಮೀ.ಗಿಂತ ಕೆಳಗಿಳಿಯದೆ ಹತ್ತಬೇಕು. ಆದರೆ ವಾಹನದಲ್ಲಿ ಕೂರುವವರು ಇಬ್ಬರೇ, ತಲಾ 68 ಕಿಲೊ. ಕೊಂಡಿಯ ಭಾರವೂ ನೂರಕ್ಕೆ ಹತ್ತು ಮಾತ್ರ. ಆರು ಜನ ಮತ್ತು ಅವರ ಉಪ್ಪಿನಕಾಯಿ ಭರಣಿಗಳು ಆ ಲೆಕ್ಕದಲ್ಲಿ ಇಲ್ಲ. ನೂರಕ್ಕೆ ನೂರು ತೆಗೆದ ವಿದ್ಯಾರ್ಥಿಯನ್ನೂ ಯಾವ ವಿಷಯದಲ್ಲಿ ಎಂದು ನಾವು ಕೇಳುವುದಿಲ್ಲವೆ?

ಹೊರೆ ಬೀಳುವ ಜಾಗವನ್ನೂ ಗಮನಿಸಬೇಕು. ಇಲ್ಲಿ ಹೈಸ್ಕೂಲಿನ ಸನ್ನೆಯ ಪಾಠ ಸಾಕು. ಕಾರಿನ ಹಿಂದಿನ ಅಚ್ಚೇ ಆಧಾರ ಬಿಂದು. ಉಕ್ಕಿನ ಗುಂಡು ಅದರ ಹಿಂದೆ 1.2 ಮೀಟರ್ ದೂರದಲ್ಲಿದೆ. ಮುಂದಿನ ಅಚ್ಚು 3 ಮೀಟರ್ ಮುಂದಿದೆ ಎನ್ನೋಣ. ಗುಂಡಿನ ಮೇಲೆ 400 ಕಿಲೊ ಬಿದ್ದಾಗ ಮುಂದಿನ ಚಕ್ರಗಳ ಮೇಲಿಂದ 400 × 1.2 ÷ 3, ಅಂದರೆ 160 ಕಿಲೊ ಎದ್ದುಹೋಗುತ್ತದೆ. ಹಿಂದಿನ ಅಚ್ಚಿನ ಮೇಲೆ 400 ಅಲ್ಲ, 560 ಬೀಳುತ್ತದೆ. ಸ್ಟಿಯರಿಂಗ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಬ್ರೇಕಿನ ಹೆಚ್ಚಿನ ಕೆಲಸವೂ ಅವುಗಳದ್ದೇ. ಅವು ಹಗುರಾದರೆ ನೆಲದ ಹಿಡಿತ ಕಡಿಮೆಯಾಯಿತು. ಕಬ್ಬು ತುಂಬಿದ ಟ್ರೇಲರನ್ನು ಎಳೆಯುತ್ತ ದಿಬ್ಬ ಹತ್ತುವ ಟ್ರ್ಯಾಕ್ಟರಿನ ಮುಂಗಾಲಿ ನೆಲ ಬಿಟ್ಟೇಳುವುದನ್ನು ಮಂಡ್ಯ, ಬೆಳಗಾವಿ ಕಡೆಯವರು ಕಂಡಿರುತ್ತಾರೆ. ಅಲ್ಲಿ ಎಳೆತದ ಪಾಲೂ ಸೇರಿದೆ, ಆದರೂ ಕಾರಣ ಅದೇ ಜಾತಿಯದು. ಕಾರಿನಲ್ಲಿ ಇದನ್ನು ಸರಿಪಡಿಸಲು ಉಕ್ಕಿನ ಸ್ಪ್ರಿಂಗ್ ಸಲಾಕೆಗಳಿರುವ ವಿಶೇಷ ಕೊಂಡಿ ಸಿಗುತ್ತದೆ. ಅದು ಸನ್ನೆಯಂತೆ ಮೀಟಿ, ಹೊರೆಯ ಒಂದು ಪಾಲನ್ನು ಮುಂದಿನ ಚಕ್ರಗಳಿಗೂ ಮತ್ತೊಂದು ಪಾಲನ್ನು ಟ್ರೇಲರಿನ ಚಕ್ರಗಳಿಗೂ ಹಂಚುತ್ತದೆ. ಒಳ್ಳೆಯ ಸಾಧನ. ಆದರೆ ಅದನ್ನು ಹಾಕಿಸಿದರೆ ಚೀಟಿಯ 680 ಹಿಗ್ಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಹಿಂದಿನ ಸ್ಪ್ರಿಂಗ್ ಗಟ್ಟಿ ಮಾಡಿಸಿದರೂ ಅಷ್ಟೆ; ಕಾರು ತಗ್ಗಿದಂತೆ ಕಾಣುವುದಿಲ್ಲ, ತೂಕ ಎಲ್ಲಿಗೂ ಹೋಗಿರುವುದಿಲ್ಲ.

ಇಷ್ಟು ಕೇಳಿದ ಮೇಲೆ ಜಾಣರಿಗೆ ಒಂದು ಉಪಾಯ ಹೊಳೆಯುತ್ತದೆ. ಕೊಂಡಿಯ ಭಾರವೇ ತೊಂದರೆ ಎಂದಾದರೆ ಟ್ರೇಲರಿನೊಳಗಿನ ಸಾಮಾನನ್ನು ಹಿಂದಕ್ಕೆ ಸರಿಸಿದರಾಯಿತು! 400 ಇದ್ದದ್ದು 150ಕ್ಕೆ ಇಳಿಯುತ್ತದೆ, ಚೀಟಿಯ ಮಿತಿಯೊಳಗೆ ಬರುತ್ತದೆ. ಜೀವಕ್ಕೆ ಎರವಾಗುವುದು ಈ ಉಪಾಯವೇ.

ಟ್ರೇಲರಿನ ಗುರುತ್ವ ಕೇಂದ್ರ ಅಚ್ಚಿಗಿಂತ ಸಾಕಷ್ಟು ಮುಂದಿದ್ದರೆ, ಪಕ್ಕದಿಂದ ಗಾಳಿ ಬೀಸಿದಾಗ ಅಥವಾ ದೊಡ್ಡ ಲಾರಿ ಹಾದುಹೋದಾಗ ಟ್ರೇಲರ್ ಒಂದೆರಡು ಸಲ ತೊನೆದು ತಾನಾಗಿ ನೆಟ್ಟಗಾಗುತ್ತದೆ. ಗುರುತ್ವ ಕೇಂದ್ರ ಹಿಂದಕ್ಕೆ ಸರಿದಂತೆಲ್ಲ ಈ ಗುಣ ಕುಂದುತ್ತದೆ. ಒಂದು ವೇಗ ದಾಟಿತೆಂದರೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತ ಹೋಗುತ್ತದೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳುತ್ತ ಹೋದರೆ ಏನಾಗುತ್ತದೆಯೋ ಹಾಗೆ. ಇಲ್ಲಿ ತಳ್ಳುವ ಶಕ್ತಿ ವಾಹನದ ಓಟದಿಂದಲೇ ಬರುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಟ್ರೇಲರಿನ ಮೂತಿ ಕಾರಿನ ಹಿಂಭಾಗವನ್ನು ಎಡಕ್ಕೂ ಬಲಕ್ಕೂ ಎಳೆದಾಡಿ, ಕೊನೆಗೆ ಎರಡೂ ಉರುಳುತ್ತವೆ. ಎತ್ತಿನ ಗಾಡಿಯಲ್ಲಿ ಇದೇಕೆ ಆಗುವುದಿಲ್ಲ ಎಂದರೆ ಎತ್ತು ಗಂಟೆಗೆ ನೂರು ಕಿ.ಮೀ. ಓಡುವುದಿಲ್ಲ.

ಓಲಾಟ ಶುರುವಾದಾಗ ಮನುಷ್ಯನ ಕಾಲು ಸಹಜವಾಗಿ ಬ್ರೇಕಿಗೆ ಹೋಗುತ್ತದೆ. ಕಾರು ಗಕ್ಕನೆ ನಿಧಾನವಾದರೆ ಹಿಂದಿನಿಂದ ಟ್ರೇಲರ್ ನೂಕುತ್ತದೆ; ಓಲಾಟ ಇನ್ನೂ ಕೆಡುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೆಟ್ಟಗೆ ಹಿಡಿದು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಹಾಕಬೇಕು. ಅಮೆರಿಕದ ಟ್ರೇಲರುಗಳಿಗೆ ಸಾಮಾನ್ಯವಾಗಿ ವಿದ್ಯುತ್ ಬ್ರೇಕು ಇರುತ್ತದೆ. ಅದರ ಚಿಕ್ಕ ಹಿಡಿ ಚಾಲಕನ ಕೈಗೆ ಎಟಕುವಂತೆ ಇರಬೇಕು. ಚಿಕ್ಕಪ್ಪ ಅದನ್ನು ಖಾಲಿ ಮೈದಾನದಲ್ಲಿ ಹತ್ತು ಸಲ ಅಭ್ಯಾಸ ಮಾಡಲಿ.

ಯುರೋಪಿನಲ್ಲಿ ನೂರಕ್ಕೆ ಐದಾರು ಕೊಂಡಿಯ ಭಾರದಲ್ಲೇ ಚಿಕ್ಕ ಕಾರುಗಳು ಕಾರವಾನ್ ಎಳೆಯುತ್ತವಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಅಲ್ಲಿನ ಕಾರವಾನುಗಳು ಹಗುರ, ವೇಗವೂ ಕಡಿಮೆ. ಜರ್ಮನಿಯಲ್ಲಿ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಮಿತಿ, ಪ್ರತ್ಯೇಕ ಅನುಮತಿ ಪಡೆದವರಿಗೆ ಹೆದ್ದಾರಿಯಲ್ಲಿ 100. ಬ್ರಿಟನ್ನಿನಲ್ಲಿ ಹೊಸಬರಿಗೆ ಹೇಳುವ ಬುದ್ಧಿಮಾತೆಂದರೆ ತುಂಬಿದ ಕಾರವಾನಿನ ತೂಕ ಕಾರಿನ ತೂಕದ ನೂರಕ್ಕೆ 85ನ್ನು ಮೀರಬಾರದು ಎಂದು. ಚಿಕ್ಕಪ್ಪನ ಕಾರಿನ ಸ್ವಂತ ತೂಕ 2,600 ಕಿಲೊ. ಟ್ರೇಲರ್ ಅದಕ್ಕಿಂತ ಭಾರ. ಬಾಲವೇ ನಾಯಿಯನ್ನು ಅಲ್ಲಾಡಿಸಲು ಇಷ್ಟು ಸಾಕು.

ವೇಗದ ಮಾತು ಬಂತು. ಕಾರು, ಟ್ರೇಲರ್, ಜನ ಎಲ್ಲ ಸೇರಿ ಸುಮಾರು 6,200 ಕಿಲೊ. ಗಂಟೆಗೆ 72 ಕಿ.ಮೀ., ಅಂದರೆ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಇದರ ಚಲನ ಶಕ್ತಿ 12.4 ಲಕ್ಷ ಜೂಲ್. 108 ಕಿ.ಮೀ. ವೇಗದಲ್ಲಿ 27.9 ಲಕ್ಷ. ವೇಗ ಒಂದೂವರೆ ಪಟ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ಎರಡೂಕಾಲು ಪಟ್ಟು! ಕ್ಯಾಲಿಫೋರ್ನಿಯದಲ್ಲಿ ಟ್ರೇಲರ್ ಎಳೆಯುವವರಿಗೆ 88 ಕಿ.ಮೀ. ಮಿತಿ ಇಟ್ಟಿರುವುದು ಸುಮ್ಮನೆ ಅಲ್ಲ.

ಡೆನ್ವರ್‌ನಿಂದ ಪಶ್ಚಿಮಕ್ಕೆ ಹೊರಟವರಿಗೆ ಇನ್ನೊಂದು ಪರೀಕ್ಷೆ ಕಾದಿದೆ. ಊರು ಸಮುದ್ರ ಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಹೆದ್ದಾರಿ ಅಲ್ಲಿಂದ ಐಸೆನ್‌ಹೋವರ್ ಸುರಂಗಕ್ಕೆ ಏರುತ್ತದೆ: ಸುಮಾರು 3,400 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,900 ಮೀಟರ್ ಚಿಲ್ಲರೆ ಎಂಬುದನ್ನು ನೆನೆಯಿರಿ. ಸುರಂಗದ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದಲ್ಲಿ ಇರುವುದಕ್ಕಿಂತ ನೂರಕ್ಕೆ ಸುಮಾರು 30 ಕಡಿಮೆ. ಟರ್ಬೊ ಇಲ್ಲದ ಎಂಜಿನ್ನಿಗೆ ಉಸಿರಾಡಲು ಅಷ್ಟೇ ಕಡಿಮೆ ಆಮ್ಲಜನಕ. ಶಕ್ತಿಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ನೂರು ಮೀಟರಿಗೆ ಆರು ಮೀಟರ್ ಏರುವ ದಾರಿಯಲ್ಲಿ 72 ಕಿ.ಮೀ. ವೇಗ ಕಾಯ್ದುಕೊಳ್ಳಲು ಗುರುತ್ವದ ವಿರುದ್ಧವೇ 73 ಕಿಲೊವಾಟ್, ಅಂದರೆ ನೂರರ ಹತ್ತಿರದ ಅಶ್ವಶಕ್ತಿ ಬೇಕು. ಎದುರುಗಾಳಿಯ ತಡೆ ಇದರ ಮೇಲೆ. ಗೋಡೆಯಂಥ ಮುಖದ ಟ್ರೇಲರನ್ನು ಎಳೆಯುವಾಗ ಲೀಟರಿಗೆ ಸಿಗುವ ಕಿಲೊಮೀಟರ್ ಅರ್ಧಕ್ಕೆ ಇಳಿಯುವುದು ಸಾಮಾನ್ಯ.

ಹತ್ತುವಾಗ ಎಂಜಿನ್ ಸೋತರೆ ನಿಧಾನವಾಗುತ್ತದೆ, ಅಷ್ಟೆ. ಇಳಿಯುವಾಗ ಬ್ರೇಕು ಸೋತರೆ? ಏರಿಸಿದ ಶಕ್ತಿಯೆಲ್ಲ ಶಾಖವಾಗಿ ಹೋಗಬೇಕು. ಆಗುಂಬೆ, ಚಾರ್ಮಾಡಿ ಘಟ್ಟದ ಚಾಲಕರು ಹತ್ತಿದ ಗೇರಿನಲ್ಲೇ ಇಳಿಯುತ್ತಾರೆ. ಅಲ್ಲಿಯೂ ಬೇರೆ ಮಂತ್ರವಿಲ್ಲ.

ಈಗ ಚಿಕ್ಕಪ್ಪ ಮಾಡಬೇಕಾದದ್ದು. ಅಂಗಡಿಯವರು ಹೇಳುವ ಖಾಲಿ ತೂಕವನ್ನು ಮರೆತುಬಿಡಲಿ. ಖಾಲಿ ಟ್ರೇಲರಿನಲ್ಲಿ ಯಾರೂ ಪ್ರವಾಸ ಹೋಗುವುದಿಲ್ಲ. ನೀರಿನ ತೊಟ್ಟಿಯೊಂದೇ 150 ಲೀಟರ್ ಹಿಡಿದರೆ 150 ಕಿಲೊ ಏರಿತು. ಈ ಕಾರನ್ನೇ ಇಟ್ಟುಕೊಳ್ಳುವುದಾದರೆ ಆರು ಜನರಿಗೆ ಎಷ್ಟು ಭಾರದ ಟ್ರೇಲರ್ ಸರಿ? 680ರಲ್ಲಿ ಜನ, ಕೊಂಡಿ ಸಾಮಗ್ರಿ, ಸಾಮಾನು ಕಳೆದರೆ ಉಳಿಯುವುದು 225. ಅದನ್ನು 0.125ರಿಂದ ಭಾಗಿಸಿ: 1,800 ಕಿಲೊ. ಇದು ಕೊನೆಯ ಗೆರೆ. ನಾನಾದರೆ 1,500ಕ್ಕೆ ನಿಲ್ಲಿಸುತ್ತೇನೆ. ದೊಡ್ಡ ಟ್ರೇಲರೇ ಬೇಕೆಂದರೆ ಹೆಚ್ಚು ಹೊರುವ ಭಾರೀ ಪಿಕಪ್ ವಾಹನ ಬೇಕು. ಒಂದಿಬ್ಬರನ್ನು ಟ್ರೇಲರಿನಲ್ಲೇ ಮಲಗಿಸಿಕೊಂಡು ಹೋಗೋಣ ಎಂಬ ಯೋಚನೆ ಬೇಡ. ಅನೇಕ ರಾಜ್ಯಗಳಲ್ಲಿ ಕಾನೂನು ಬಿಡುವುದಿಲ್ಲ; ಬಿಡುವಲ್ಲಿಯೂ ಕೂರಬಾರದು. ಮುಂಗಡದ ಹಣ ಹೋಗುತ್ತದಲ್ಲ ಎಂಬ ಸಂಕಟ ಅರ್ಥವಾಗುತ್ತದೆ. ಹೋದರೆ ಹೋಗಲಿ.

ಕೊನೆಯದಾಗಿ, ಹೊರಡುವ ಮುಂಚೆ ಎಲ್ಲರನ್ನೂ ಕೂರಿಸಿಕೊಂಡು, ಇಂಧನ ತುಂಬಿಸಿ ತೂಕದ ಕಟ್ಟೆಗೆ ಹೋಗಲಿ. ನಮ್ಮ ಸಕ್ಕರೆ ಕಾರ್ಖಾನೆಯ ಬಾಗಿಲಲ್ಲಿ ಇರುವಂಥ ವೇಬ್ರಿಡ್ಜ್ ಅಲ್ಲಿ ಲಾರಿ ನಿಲ್ದಾಣಗಳಲ್ಲಿ ಉಂಟು. ಒಂದೊಂದು ಅಚ್ಚಿನ ತೂಕವನ್ನೂ ಬೇರೆಬೇರೆಯಾಗಿ ತೋರಿಸುತ್ತದೆ. ಕೊಂಡಿಯ ಭಾರವನ್ನಂತೂ ಮನೆಯಲ್ಲೇ, ಸ್ನಾನದ ಮನೆಯ ತಕ್ಕಡಿಯಿಂದ ಅಳೆಯಬಹುದು. 400 ಕಿಲೊಗೆ ತಕ್ಕಡಿ ಮುರಿದೀತು ಎನ್ನುತ್ತೀರಾ? ನಾಲ್ಕು ಅಡಿ ಉದ್ದದ ಗಟ್ಟಿ ಹಲಗೆಯ ಒಂದು ತುದಿಯನ್ನು ಇಟ್ಟಿಗೆಯ ಮೇಲೂ ಇನ್ನೊಂದನ್ನು ತಕ್ಕಡಿಯ ಮೇಲೂ ಇಡಿ. ಮೂಕಿಯನ್ನು ಇಟ್ಟಿಗೆಯಿಂದ ಒಂದೇ ಅಡಿ ದೂರದಲ್ಲಿ ಹಲಗೆಯ ಮೇಲೆ ಕೂರಿಸಿ. ತಕ್ಕಡಿಗೆ ಬರುವುದು ನಾಲ್ಕನೇ ಒಂದು ಪಾಲು. ತೋರಿಸಿದ್ದನ್ನು ನಾಲ್ಕರಿಂದ ಗುಣಿಸಿದರೆ ಉತ್ತರ. ಟ್ರೇಲರಿನ ಚಕ್ರಗಳಿಗೆ ಮಾತ್ರ ಅಡ್ಡಗಲ್ಲು ಕೊಡಲು ಮರೆಯಬಾರದು.

ವಿದ್ಯಾರ್ಥಿಗಳಿಗೊಂದು ಲೆಕ್ಕ. ಟ್ರೇಲರಿನ ಗುಂಡಿನಿಂದ ಅಚ್ಚಿಗೆ 5 ಮೀಟರ್. 150 ಲೀಟರಿನ ನೀರಿನ ತೊಟ್ಟಿ ಅಚ್ಚಿಗಿಂತ 2 ಮೀಟರ್ ಹಿಂದಿದೆ. ಖಾಲಿ ತೊಟ್ಟಿಯನ್ನು ತುಂಬಿಸಿದಾಗ ಕೊಂಡಿಯ ಭಾರ ಹೆಚ್ಚುತ್ತದೆಯೋ, ಇಳಿಯುತ್ತದೆಯೋ, ಎಷ್ಟು? ಕಾರ್ಡಿನಲ್ಲಿ ಬರೆದು ಕಳಿಸಿ. ಉತ್ತರ ಮುಂದಿನ ವಾರ.