ಕೀ ಆನ್ಸರ್‌ಗೆ ಕಾಯುವುದೇಕೆ?

ಧಾರವಾಡದ ಸಪ್ತಾಪುರದಲ್ಲಿ ಯಾವುದೇ ಪರೀಕ್ಷೆ ಮುಗಿದ ಸಂಜೆ ಕೇಳಿಬರುವುದು ಒಂದೇ ಮಾತು: ‘ಕೀ ಆನ್ಸರ್ ಬಂತೇನ್ಲೇ?’ ಪಿಎಸ್‌ಐ ಇರಲಿ, ಎಫ್‌ಡಿಎ ಇರಲಿ, ಚಹಾದಂಗಡಿ ಮುಂದೆ ನಿಂತ ಹುಡುಗರು ಮೊಬೈಲ್ ತಿಕ್ಕುತ್ತ ಅದನ್ನೇ ಕಾಯುತ್ತಾರೆ. ಇತಿಹಾಸದ ಪ್ರಶ್ನೆಗೆ ಕಾಯಲಿ, ತಪ್ಪಿಲ್ಲ. ಇಸವಿ ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಬಲ್ಲವರನ್ನು ಕೇಳಬೇಕು. ಆದರೆ ವರ್ಗಸಮೀಕರಣದ ಲೆಕ್ಕಕ್ಕೂ ಕೀ ಆನ್ಸರ್ ಕಾಯುವುದನ್ನು ಕಂಡರೆ, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಲೇ ನಿವೃತ್ತನಾದ ನನಗೆ ಸಂಕಟವಾಗುತ್ತದೆ. ಆ ಲೆಕ್ಕದ ಕೀ ಆನ್ಸರ್ ಪ್ರಶ್ನೆಯೊಳಗೇ ಅಚ್ಚಾಗಿರುತ್ತದೆ.

ಭಾಸ್ಕರಾಚಾರ್ಯನ ‘ಬೀಜಗಣಿತ’ದಲ್ಲಿ ಕೋತಿಗಳ ಲೆಕ್ಕವೊಂದಿದೆ. ಒಂದು ಹಿಂಡಿನ ಎಂಟನೇ ಒಂದು ಭಾಗದ ವರ್ಗದಷ್ಟು ಕೋತಿಗಳು ಕಾಡಿನಲ್ಲಿ ಆಡುತ್ತಿವೆ, ಉಳಿದ 12 ಗುಡ್ಡದ ಮೇಲೆ ಕಿರುಚುತ್ತಿವೆ. ಒಟ್ಟು ಎಷ್ಟು? ಗೊತ್ತಿಲ್ಲದ ಸಂಖ್ಯೆಗೆ ಭಾಸ್ಕರ ‘ಯಾವತ್-ತಾವತ್’ ಅನ್ನುತ್ತಿದ್ದ, ಬರೆಯುವಾಗ ‘ಯಾ’. ನಾನೂ ಹಾಗೇ ಬರೆಯುತ್ತೇನೆ. ಲೆಕ್ಕವನ್ನು ಬಿಡಿಸಿ ಜೋಡಿಸಿದರೆ ಯಾ² − 64ಯಾ + 768 = 0. (ಭಾಸ್ಕರ ಹುಟ್ಟಿದ್ದು 1114ರಲ್ಲಿ. ತನ್ನ ಊರು ವಿಜ್ಜಡವಿಡ ಎಂದು ಅವನೇ ಬರೆದಿದ್ದಾನೆ. ಅದು ನಮ್ಮ ವಿಜಯಪುರ ಎಂದು ನಾವು, ಅಲ್ಲ ಎಂದು ಮಹಾರಾಷ್ಟ್ರದವರು. ಆ ಗಡಿ ತಂಟೆ ಇಲ್ಲಿ ಬೇಡ.)

ಈ ಲೆಕ್ಕವನ್ನು ನಮ್ಮ ಓಣಿಯ ಹತ್ತನೇ ತರಗತಿಯ ಹುಡುಗಿಗೆ ಕೊಟ್ಟೆ. ಸೂತ್ರ ಹಾಕಿ, ಅರ್ಧ ಪುಟ ತುಂಬಿಸಿ, −48 ಮತ್ತು −16 ಎಂದು ಬರೆದು ತಂದಳು. ‘ಸರಿ ಐತೇನ್ರಿ ಸರ?’

‘ನನ್ನ ಯಾಕ ಕೇಳ್ತಿಯವಾ? ಎರಡನೂ ಗುಣಿಸು.’

‘768 ಬಂತ್ರಿ.’

‘ಕೂಡಿಸು.’

‘ಮೈನಸ್ 64.’

‘ಸಮೀಕರಣದಾಗ ಯಾ ಮುಂದ ಏನೈತಿ? ಅದರ ಚಿಹ್ನಿ ಬದಲ ಮಾಡಿದ್ರ ಎಷ್ಟು ಬರಬೇಕಾಗಿತ್ತು?’

ಆಕೆ ಪೆನ್ಸಿಲ್ ಕಚ್ಚಿಕೊಂಡು ಹಾಳೆ ನೋಡಿದಳು. ಗುಣಲಬ್ಧ ಸರಿ, ಮೊತ್ತ ತಪ್ಪು. ಅಂದರೆ ಅಂಕಿಗಳಲ್ಲಿ ದೋಷವಿಲ್ಲ, ಚಿಹ್ನೆ ಮಾತ್ರ ಅಡ್ಡಾದಿಡ್ಡಿ. ಸೂತ್ರದ ಮೊದಲ ಮೈನಸ್ ಬಿಟ್ಟುಹೋಗಿತ್ತು. 48 ಮತ್ತು 16 ಎಂದು ಆಕೆಯೇ ತಿದ್ದಿದಳು. ನಾನು ಉತ್ತರ ಹೇಳಲಿಲ್ಲ, ಪುಸ್ತಕದ ಹಿಂದಿನ ಪುಟ ತೆಗೆಯಲೂ ಇಲ್ಲ.

ಇಷ್ಟೇ ವಿಷಯ. ವರ್ಗಪದದ ಸಹಗುಣಕ 1 ಆಗಿದ್ದರೆ, ಮಧ್ಯದ ಸಹಗುಣಕದ ಚಿಹ್ನೆ ಬದಲಿಸಿದರೆ ಮೂಲಗಳ ಮೊತ್ತ, ಕೊನೆಯ ಸಂಖ್ಯೆಯೇ ಅವುಗಳ ಗುಣಲಬ್ಧ. 1 ಅಲ್ಲದಿದ್ದರೆ ಮೊದಲು ಅದರಿಂದ ಭಾಗಿಸಿಕೊಳ್ಳಬೇಕು. ಯಾಕೆ ಹೀಗೆ ಎಂದು ಕೇಳುವ ಮಗುವಿಗೆ (ಯಾ − 48)(ಯಾ − 16) ಗುಣಿಸಿ ತೋರಿಸಿದರೆ ಸಾಕು. ಭಾಸ್ಕರ ಇದನ್ನು ನಿಯಮವಾಗಿ ಹೇಳಿದ ಎಂದು ನಾನು ವಾದಿಸುತ್ತಿಲ್ಲ. ಆ ಹೆಸರು ಫ್ರಾನ್ಸಿನ ವಕೀಲ ವಿಯೆತ್‌ಗೆ (1540–1603) ಸಂದಿದೆ. ಎಲ್ಲ ಘಾತಗಳ ಸಮೀಕರಣಗಳಿಗೂ ಅನ್ವಯಿಸಿ ಹೇಳಿದವನು ಜಿರಾರ್, 1629ರಲ್ಲಿ.

ಈಗ ನನ್ನ ತಕರಾರು. ಕೆಲವು ವರ್ಷಗಳ ಹಿಂದೆ ನಮ್ಮ ರಾಜ್ಯದ್ದೇ ಪುಸ್ತಕ ಇದ್ದಾಗ ವರ್ಗಸಮೀಕರಣದ ಪಾಠದಲ್ಲೇ ಈ ಸಂಬಂಧ ಇತ್ತು. ಮೂಲಗಳು ಎಂ ಮತ್ತು ಎನ್ ಆದರೆ ಎಂದು ಶುರುವಾಗುವ ಆ ಲೆಕ್ಕಗಳನ್ನು ಮಾಡದ ಹಳೆಯ ವಿದ್ಯಾರ್ಥಿ ಇಲ್ಲ. ಈಗಿನ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಅದು ಬಹುಪದೋಕ್ತಿಗಳ ಪಾಠಕ್ಕೆ ಹೋಗಿದೆ, ಅಲ್ಲಿ ‘ಶೂನ್ಯತೆ’ಗಳ ಸಂಬಂಧ ಎಂದು ಒಂದಷ್ಟು ಲೆಕ್ಕ. ಮುಂದೆ ವರ್ಗಸಮೀಕರಣ ಬರುವ ಹೊತ್ತಿಗೆ ಮಗು ಅದನ್ನು ಮರೆತಿರುತ್ತದೆ, ನೆನಪಿಸುವವರಿಲ್ಲ. ಮಧ್ಯಪದವನ್ನು ಒಡೆಯುವಾಗ ‘ಕೂಡಿದರೆ ಇಷ್ಟು, ಗುಣಿಸಿದರೆ ಅಷ್ಟು ಬರುವ ಎರಡು ಸಂಖ್ಯೆ ಹುಡುಕು’ ಎನ್ನುತ್ತೇವಲ್ಲ, ಅದೇ ಇದು ಎಂದು ಎಷ್ಟು ತರಗತಿಗಳಲ್ಲಿ ಹೇಳುತ್ತಾರೆ?

2022ರಲ್ಲಿ ಇನ್ನೊಂದು ಕತ್ತರಿ ಬಿತ್ತು. ಕೋವಿಡ್ ನಂತರ ಹೊರೆ ಇಳಿಸುವ ಹೆಸರಿನಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯಿಂದ ವರ್ಗ ಪೂರ್ಣಗೊಳಿಸುವ ವಿಧಾನವನ್ನೇ ತೆಗೆದುಹಾಕಿತು. ಸೂತ್ರ ಉಳಿಯಿತು, ಸೂತ್ರ ಹುಟ್ಟಿದ ದಾರಿ ಹೋಯಿತು. ಹೊರೆ ಇಳಿದದ್ದು ಯಾರ ತಲೆಯಿಂದಲೋ ನಾ ಕಾಣೆ. ಅರ್ಥವಾಗದ ಸೂತ್ರದಷ್ಟು ಭಾರವಾದದ್ದು ಬೇರೆ ಇಲ್ಲ.

ಆ ದಾರಿ ಶ್ರೀಧರಾಚಾರ್ಯನದು. ಅವನ ಬೀಜಗಣಿತದ ಪುಸ್ತಕ ನಮಗೆ ಸಿಕ್ಕಿಲ್ಲ. ಭಾಸ್ಕರ ತನ್ನ ಗ್ರಂಥದಲ್ಲಿ ಎತ್ತಿ ಹೇಳಿದ್ದರಿಂದ ಈ ವಿಧಾನ ಉಳಿದಿದೆ. ವರ್ಗಪದದ ಸಹಗುಣಕದ ನಾಲ್ಕರಷ್ಟರಿಂದ ಎರಡೂ ಕಡೆ ಗುಣಿಸು, ಮಧ್ಯದ ಸಹಗುಣಕದ ವರ್ಗವನ್ನು ಎರಡೂ ಕಡೆ ಕೂಡಿಸು. ಕೋತಿಗಳ ಲೆಕ್ಕಕ್ಕೆ ಹಾಕಿ ನೋಡಿ: 4ಯಾ² − 256ಯಾ + 4096 = 4096 − 3072, ಅಂದರೆ (2ಯಾ − 64)² = 1024. ಬಲಗಡೆಯದು 32ರ ವರ್ಗ. ಇಲ್ಲಿ ನಿಂತು ಒಂದು ಪ್ರಶ್ನೆ ಕೇಳಬೇಕು: ಈ 32 ಯಾರು? 48ರಲ್ಲಿ 16 ಕಳೆದರೆ 32. ಪುಸ್ತಕಗಳು ‘ಶೋಧಕ’ ಎಂದು ಕರೆದು ಕೈತೊಳೆದುಕೊಳ್ಳುವ ಆ ಬಿ ವರ್ಗ ಮೈನಸ್ ನಾಲ್ಕು ಎಸಿ, ವರ್ಗಪದದ ಸಹಗುಣಕ 1 ಇದ್ದಾಗ, ಎರಡು ಮೂಲಗಳ ವ್ಯತ್ಯಾಸದ ವರ್ಗ, ಬೇರೇನಲ್ಲ. ಮೊತ್ತ 64, ವ್ಯತ್ಯಾಸ 32. ಎರಡು ಸಂಖ್ಯೆಗಳ ಮೊತ್ತವೂ ವ್ಯತ್ಯಾಸವೂ ಗೊತ್ತಿದ್ದರೆ ಸಂಖ್ಯೆಗಳನ್ನು ಹೇಳುವುದು ಐದನೇ ತರಗತಿಯ ಮಗುವಿಗೂ ಸಾಧ್ಯ. ಆ ಭಯಂಕರ ಸೂತ್ರ ಮಾಡುವುದು ಇಷ್ಟನ್ನೇ: ಮೊತ್ತಕ್ಕೆ ವ್ಯತ್ಯಾಸ ಕೂಡಿಸಿ ಅರ್ಧ, ಕಳೆದು ಅರ್ಧ. ವ್ಯತ್ಯಾಸ ಸೊನ್ನೆಯಾದರೆ ಎರಡು ಮೂಲಗಳೂ ಒಂದೇ ಎಂಬುದನ್ನು ಆಮೇಲೆ ಬಾಯಿಪಾಠ ಮಾಡಿಸುವ ಅಗತ್ಯವೇ ಇಲ್ಲ.

ಕೋಚಿಂಗ್ ಮಾಸ್ತರರನ್ನು ಬೈಯಲು ನಾನು ಇದನ್ನು ಬರೆಯುತ್ತಿಲ್ಲ. ನಾಲ್ಕು ಆಯ್ಕೆಗಳಲ್ಲಿ ಗುಣಲಬ್ಧ ಯಾವುದಕ್ಕೆ ಹೊಂದುತ್ತದೆ ನೋಡಿ ಟಿಕ್ ಹಾಕಿ ಎಂದು ಅವರೂ ಕಲಿಸುತ್ತಾರೆ, ‘ಶಾರ್ಟ್‌ಕಟ್’ ಎಂದು ಹೆಸರಿಟ್ಟು. ಕಾರಣ ಹೇಳಲು ಅವರಿಗೆ ಪುರುಸೊತ್ತಿಲ್ಲ, ಅದು ಅವರ ಕೆಲಸವೂ ಅಲ್ಲ. ಹೈಸ್ಕೂಲಿನಲ್ಲಿ ನಾವು ಹೇಳಿ ಕಳಿಸಿದ್ದರೆ ಅವರು ಶಾರ್ಟ್‌ಕಟ್ ಮಾರಬೇಕಾಗಿಯೇ ಇರಲಿಲ್ಲ.

ಈ ತಾಳೆ ಎಲ್ಲವನ್ನೂ ಹಿಡಿಯುತ್ತದೆ ಎಂದೂ ನಾನು ಹೇಳುವುದಿಲ್ಲ. ಭಾಸ್ಕರನದೇ ಇನ್ನೊಂದು ಹಿಂಡು: ಐದನೇ ಒಂದು ಭಾಗದಲ್ಲಿ ಮೂರು ಕಳೆದು ವರ್ಗ ಮಾಡಿದಷ್ಟು ಕೋತಿಗಳು ಗುಹೆ ಹೊಕ್ಕಿವೆ, ಒಂದು ಮಾತ್ರ ಕಾಣುತ್ತಿದೆ. ಸಮೀಕರಣ ಯಾ² − 55ಯಾ + 250 = 0. ಮೂಲಗಳು 50 ಮತ್ತು 5. ಮೊತ್ತ ಸರಿ, ಗುಣಲಬ್ಧ ಸರಿ. ಆದರೆ ಹಿಂಡಿನಲ್ಲಿ ಐದೇ ಕೋತಿ ಇದ್ದರೆ ಐದನೇ ಒಂದು ಭಾಗ 1, ಅದರಲ್ಲಿ ಮೂರು ಕಳೆಯುವುದೆಂತು? ಜನ ಒಪ್ಪುವುದಿಲ್ಲ ಎಂದು ಭಾಸ್ಕರ 5ನ್ನು ಕೈಬಿಟ್ಟ. ಸಹಗುಣಕಗಳು ಸಮೀಕರಣಕ್ಕೆ ಸಾಕ್ಷಿ ಹೇಳುತ್ತವೆ, ಕೋತಿಗಳಿಗಲ್ಲ. ಆ ವಿವೇಕ ಬೇರೆಯೇ ಬೇಕು.

‘ಇದೆಲ್ಲ ಮುಂದ ಎಲ್ಲಿ ಬರ್ತೈತ್ರಿ?’ ಎಂಬ ಪ್ರಶ್ನೆಗೆ ಧಾರವಾಡದಲ್ಲಿ ಕುಳಿತು ದೂರದ ಉದಾಹರಣೆ ಕೊಡಬೇಕಿಲ್ಲ. ಕರ್ನಾಟಕ ವಿಶ್ವವಿದ್ಯಾಲಯ ಇರುವ ಜಾಗಕ್ಕೆ ಪಾವಟೆ ನಗರ ಎಂದು ಹೆಸರು. ಕುಲಪತಿಯಾಗಿ ಅದನ್ನು ಕಟ್ಟಿದ ಡಿ.ಸಿ. ಪಾವಟೆಯವರು ಕೇಂಬ್ರಿಜ್‌ನಲ್ಲಿ ಗಣಿತದ ರ‍್ಯಾಂಗ್ಲರ್ ಆಗಿದ್ದವರು. ಈ ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ಎಚ್.ಬಿ. ವಾಲೀಕಾರ ಮತ್ತು ಜೊತೆಗಾರರು ಗ್ರಾಫ್‌ಗಳ ‘ಎನರ್ಜಿ’ ಕುರಿತು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಆ ಕಲ್ಪನೆಯನ್ನು 1978ರಲ್ಲಿ ಕೊಟ್ಟ ಸರ್ಬಿಯಾದ ಇವಾನ್ ಗುಟ್ಮನ್ ಜೊತೆ ಸೇರಿ 2004ರಲ್ಲಿ ಅವರು ಪ್ರಕಟಿಸಿದ ಲೇಖನ ಅಲ್ಲಿಯ ಕ್ರಾಗುಯೆವಾಟ್ಸ್ ಪತ್ರಿಕೆಯಲ್ಲಿದೆ.

ಇಲ್ಲಿ ಗ್ರಾಫ್ ಎಂದರೆ ಬಿಂದುಗಳನ್ನು ಗೆರೆಗಳಿಂದ ಜೋಡಿಸಿದ ಜಾಲ. ಉದಾಹರಣೆಗೆ ಹುಬ್ಬಳ್ಳಿ, ಧಾರವಾಡ, ಕಲಘಟಗಿ ತೆಗೆದುಕೊಳ್ಳಿ. ಮೂರು ಊರು, ಒಂದರಿಂದೊಂದಕ್ಕೆ ಮೂರು ರಸ್ತೆ. ನೇರ ರಸ್ತೆ ಇದ್ದಲ್ಲಿ 1, ಇಲ್ಲದಲ್ಲಿ 0 ಬರೆದು ಕೋಷ್ಟಕ ಮಾಡಿದರೆ ಅದರಿಂದ ಒಂದು ಘನಸಮೀಕರಣ ಹುಟ್ಟುತ್ತದೆ: ಯಾ³ − 3ಯಾ − 2 = 0. ಬಿಡಿಸುವ ಮೊದಲೇ ಓದಿ ನೋಡಿ. ಯಾ² ಇಲ್ಲ, ಏಕೆಂದರೆ ಯಾವ ಊರಿಗೂ ತನ್ನಿಂದ ತನಗೇ ರಸ್ತೆಯಿಲ್ಲ. ಹಾಗಾಗಿ ಮೂಲಗಳ ಮೊತ್ತ ಸೊನ್ನೆ. ಮೈನಸ್ 3ರಲ್ಲಿರುವ 3 ರಸ್ತೆಗಳ ಸಂಖ್ಯೆ. ಕೊನೆಯ ಮೈನಸ್ 2ರಲ್ಲಿರುವ 2, ತ್ರಿಕೋನಗಳ ಸಂಖ್ಯೆಯ ಎರಡರಷ್ಟು. ಇಲ್ಲಿ ತ್ರಿಕೋನ ಒಂದೇ. ಮೂಲಗಳು 2, −1, −1. ಚಿಹ್ನೆ ಬಿಟ್ಟು ಕೂಡಿಸಿದರೆ 4, ಅದೇ ಈ ಜಾಲದ ಎನರ್ಜಿ. ಮಳೆಗಾಲದಲ್ಲಿ ಧಾರವಾಡ–ಕಲಘಟಗಿ ರಸ್ತೆ ಬಂದ್ ಆಯಿತೆನ್ನಿ, ಸಮೀಕರಣ ಯಾ³ − 2ಯಾ = 0 ಆಗುತ್ತದೆ: ರಸ್ತೆ ಎರಡು, ತ್ರಿಕೋನ ಇಲ್ಲ, ಎನರ್ಜಿ ಸುಮಾರು 2.83. ಊರು ರಸ್ತೆಗಳ ಬದಲು ಇಂಗಾಲದ ಪರಮಾಣುಗಳನ್ನೂ ಬಂಧಗಳನ್ನೂ ಇಟ್ಟರೆ ಇದು ರಸಾಯನಶಾಸ್ತ್ರ. ಗುಟ್ಮನ್ ಹೊರಟದ್ದೇ ಅಲ್ಲಿಂದ.

ಹತ್ತನೇ ತರಗತಿಯಲ್ಲಿ ಒಂದು ಅಂಕದ ಪ್ರಶ್ನೆಯೆಂದು ಹಾರಿಸಿಬಿಡುವ ಸಂಬಂಧವೇ ಪಾವಟೆ ನಗರದಲ್ಲಿ ಸಂಶೋಧನೆಯ ವಸ್ತು. ಶಾಲೆಗೂ ವಿಶ್ವವಿದ್ಯಾಲಯಕ್ಕೂ ನಡುವೆ ಇರುವುದು ಒಂದು ಸಿಟಿ ಬಸ್ಸಿನ ದೂರ.

ಪಠ್ಯಕ್ರಮ ತಿದ್ದುವುದು ದೆಹಲಿಯ ಕೆಲಸ, ಅದಕ್ಕೆ ವರ್ಷಗಳು ಬೇಕು. ನಮ್ಮ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಒಂದು ಸಾಲು ಸೇರಿಸಲು ಅಷ್ಟು ದಿನ ಬೇಡ. ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಯ ವರ್ಗಸಮೀಕರಣದ ಪ್ರಶ್ನೆಯ ಕೆಳಗೆ ‘ಮೂಲಗಳನ್ನು ಸಹಗುಣಕಗಳೊಂದಿಗೆ ತಾಳೆ ನೋಡಿ’ ಎಂದು ಬರೆಯಲಿ, ಆ ತಾಳೆಗೆ ಒಂದು ಅಂಕ ಕೊಡಲಿ. ಅಂಕ ಇದ್ದರೆ ಮಾಸ್ತರರು ಕಲಿಸುತ್ತಾರೆ, ಮಕ್ಕಳು ಮಾಡುತ್ತಾರೆ.