ಯೂರಿಕ್ ಆಮ್ಲ: ಅಪರಾಧಿ ಬೇಳೆಯಲ್ಲ, ಬೊಜ್ಜು

ಕೊಪ್ಪಳ: ರಕ್ತ ಪರೀಕ್ಷೆಯ ವರದಿಯಲ್ಲಿ ಯೂರಿಕ್ ಆಮ್ಲ ಎಂಟು ಎಂದು ಕಂಡರೆ ಸಾಕು, ಅನೇಕ ಮನೆಗಳಲ್ಲಿ ಮೊದಲು ನಿಷೇಧಕ್ಕೆ ಒಳಗಾಗುವುದು ಬೇಳೆಕಾಳು. ತೊಗರಿ, ಹೆಸರು, ಅಲಸಂದೆ ತಟ್ಟೆಯಿಂದ ಮರೆಯಾಗುತ್ತವೆ. ಆ ಜಾಗಕ್ಕೆ ಇನ್ನೊಂದು ಸೌಟು ಅನ್ನ ಬರುತ್ತದೆ. ಆದರೆ ವೈದ್ಯವಿಜ್ಞಾನ ಇಂದು ಬೊಟ್ಟು ಮಾಡುತ್ತಿರುವುದು ಬೇಳೆಯತ್ತ ಅಲ್ಲ, ಸೊಂಟದ ಸುತ್ತಳತೆಯತ್ತ.

ಇನ್ಸುಲಿನ್ ನಂಟು

ಜೀವಕೋಶಗಳಲ್ಲೂ ಆಹಾರದಲ್ಲೂ ಇರುವ ಪ್ಯೂರಿನ್ ಒಡೆದಾಗ ಯೂರಿಕ್ ಆಮ್ಲ ಉಂಟಾಗುತ್ತದೆ. ಅದರ ಮೂರರಲ್ಲಿ ಎರಡು ಪಾಲನ್ನು ಮೂತ್ರಪಿಂಡಗಳು, ಉಳಿದುದನ್ನು ಕರುಳು ಹೊರಹಾಕುತ್ತವೆ. ಒಂದು ಡೆಸಿಲೀಟರ್ ರಕ್ತದಲ್ಲಿ ಅದು ಸುಮಾರು 6.8 ಮಿಲಿಗ್ರಾಂ ದಾಟಿದರೆ ಹರಳುಗಟ್ಟುವ ಸಾಧ್ಯತೆ ಇದೆ. ಆ ಹರಳು ಕಾಲಿನ ಹೆಬ್ಬೆರಳಿನ ಕೀಲಿನಲ್ಲಿ ಕುಳಿತಾಗ ಕಾಣಿಸುವ ಅಸಹನೀಯ ನೋವೇ ಗೌಟ್. ಆದರೂ ಪ್ರಮಾಣ ಹೆಚ್ಚಿರುವ ಬಹುಪಾಲು ಜನರಿಗೆ ಗೌಟ್ ಬರುವುದೇ ಇಲ್ಲ.

ಹೊಟ್ಟೆಯ ಬೊಜ್ಜು ಬೆಳೆದಂತೆ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸ್ರವಿಸುತ್ತದೆ. ಹೆಚ್ಚಿದ ಇನ್ಸುಲಿನ್, ಹೊರಹೋಗಬೇಕಿದ್ದ ಯೂರಿಕ್ ಆಮ್ಲವನ್ನು ಮೂತ್ರಪಿಂಡಗಳು ಮರಳಿ ಹೀರಿಕೊಳ್ಳುವಂತೆ ಮಾಡುತ್ತದೆ. ಸಿಹಿ ಪಾನೀಯಗಳಲ್ಲಿನ ಫ್ರಕ್ಟೋಸ್ ಯಕೃತ್ತಿನಲ್ಲಿ ಅದರ ಉತ್ಪಾದನೆಯನ್ನೇ ಹೆಚ್ಚಿಸುತ್ತದೆ. ಅಧಿಕ ಯೂರಿಕ್ ಆಮ್ಲ, ರಕ್ತದೊತ್ತಡ, ಮಧುಮೇಹ ಒಟ್ಟೊಟ್ಟಿಗೆ ಕಾಣಿಸಿಕೊಳ್ಳಲು ಕಾರಣ ಇದೇ.

ಕಾಲುವೆ ಸೀಮೆ, ಒಣ ಸೀಮೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗಂಗಾವತಿಯನ್ನು ಭತ್ತದ ಕಣಜವಾಗಿಸಿತು. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳ ಊಟ ಜೋಳ, ಸಜ್ಜೆ, ಕಾಳುಗಳದ್ದು. 2013ರಲ್ಲಿ ಆರಂಭವಾದ ಅನ್ನಭಾಗ್ಯ ಒಣ ಸೀಮೆಯ ಬಡವರ ಮನೆಗೂ ಅಕ್ಕಿಯನ್ನು ಖಾತರಿಪಡಿಸಿತು. ಹಸಿವು ನೀಗಿದ್ದು ಸಣ್ಣ ಸಾಧನೆಯಲ್ಲ. ಆದರೆ ಟ್ರ್ಯಾಕ್ಟರ್, ಕಟಾವು ಯಂತ್ರ, ಬೈಕುಗಳು ಮೈದಣಿವನ್ನು ತಗ್ಗಿಸಿದ ಕಾಲದಲ್ಲಿ ತಟ್ಟೆಯ ಅನ್ನ ಮಾತ್ರ ತಗ್ಗಲಿಲ್ಲ. ಸಂಜೆಯ ಮಿರ್ಚಿ, ಸಿಹಿ ಚಹಾ ಅದಕ್ಕೆ ಜೊತೆಯಾದವು.

ಕೊಪ್ಪಳದ ಸಂಕಟ ಇನ್ನೊಂದಿದೆ. ಮಕ್ಕಳ ಅಪೌಷ್ಟಿಕತೆಯಿಂದ ಸುದ್ದಿಯಾಗುತ್ತ ಬಂದ ಜಿಲ್ಲೆ ಇದು. ಭಾರತದ ಶಿಶುಗಳು ಕಡಿಮೆ ತೂಕದಲ್ಲಿ ಹುಟ್ಟಿದರೂ ಸ್ನಾಯುವಿಗೆ ಹೋಲಿಸಿದರೆ ಅವುಗಳಲ್ಲಿ ಕೊಬ್ಬಿನ ಪಾಲು ಹೆಚ್ಚು ಎಂಬುದನ್ನು ಪುಣೆಯ ಅಧ್ಯಯನಗಳೂ, ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ನಡೆದ ಸಂಶೋಧನೆಯೂ ತೋರಿಸಿವೆ. ಇಂಥ ಮಕ್ಕಳು ದೊಡ್ಡವರಾದ ಮೇಲೆ ಅಲ್ಪಸ್ವಲ್ಪ ಬೊಜ್ಜು ಬಂದರೂ ಅಪಾಯ ಹೆಚ್ಚು. ಐಸಿಎಂಆರ್–ಇಂಡಿಯಾಬ್ ಅಧ್ಯಯನದ 2023ರ ವರದಿಯಂತೆ ದೇಶದ ವಯಸ್ಕರಲ್ಲಿ ಶೇ 39.5ರಷ್ಟು ಮಂದಿಗೆ ಹೊಟ್ಟೆಯ ಬೊಜ್ಜಿದೆ. ಹಸಿವಿನ ನೆನಪು ಇನ್ನೂ ಮಾಸದ ಸೀಮೆಗೆ ಇದು ಎಚ್ಚರಿಕೆಯ ಗಂಟೆ.

ಮಾತ್ರೆ ಯಾರಿಗೆ?

ಗೌಟ್ ಇರುವವರಿಗೆ ಔಷಧ ಅಗತ್ಯವಾಗಬಹುದು. ಅದನ್ನು ತಾವಾಗಿ ನಿಲ್ಲಿಸುವುದು ಸಲ್ಲದು. ನೋವಿಲ್ಲದೆ ಸಂಖ್ಯೆ ಮಾತ್ರ ಹೆಚ್ಚಿರುವವರ ಸ್ಥಿತಿ ಬೇರೆ. ಅಂಥವರಿಗೆ ಸಾಮಾನ್ಯವಾಗಿ ಮಾತ್ರೆ ಬೇಡವೆಂದು ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಬ್ರಿಟನ್‌ನಲ್ಲಿ ಹೃದ್ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಲೋಪ್ಯೂರಿನಾಲ್ ಮಾತ್ರೆಯಿಂದ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಅಪರೂಪಕ್ಕೆ ಈ ಮಾತ್ರೆ ಚರ್ಮಕ್ಕೆ ತೀವ್ರ ಹಾನಿ ಉಂಟುಮಾಡುವುದೂ ಉಂಟು. ಸಂಖ್ಯೆ ಇಳಿದರೂ ಮೂಲ ಕಾರಣ ಉಳಿದೇ ಇರುತ್ತದೆ.

ಬೇಳೆಯ ವಿಷಯವೂ ಸ್ಪಷ್ಟ. ಅಮೆರಿಕದ 47 ಸಾವಿರ ಪುರುಷರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮಾಂಸ ಮತ್ತು ಮೀನು ಗೌಟ್ ಅಪಾಯವನ್ನು ಹೆಚ್ಚಿಸಿದರೆ ಪ್ಯೂರಿನ್ ಇರುವ ತರಕಾರಿ, ಕಾಳುಗಳು ಹೆಚ್ಚಿಸಲಿಲ್ಲ. ಅದೇ ತಂಡದ ಇನ್ನೊಂದು ಅಧ್ಯಯನ ಮದ್ಯದ ಪೈಕಿ ಬಿಯರ್ ಅತಿ ಅಪಾಯಕಾರಿ ಎಂದಿತು. ಮಾಂಸ ದುಬಾರಿಯಾದ ಮನೆಗಳಲ್ಲಿ ಬೇಳೆಯನ್ನು ಬಿಡಿಸುವುದೆಂದರೆ ಇರುವ ಪ್ರೋಟೀನನ್ನೂ ಕಸಿದುಕೊಂಡಂತೆ. ಮೂತ್ರಪಿಂಡ ಕಾಯಿಲೆ ಇರುವವರು ಮಾತ್ರ ವೈದ್ಯರ ಸಲಹೆಯಂತೆ ನಡೆಯಬೇಕು.

ಅಳತೆ ಪಟ್ಟಿಯೇ ಸಾಕು

ಭಾರತೀಯರಲ್ಲಿ ಸೊಂಟದ ಸುತ್ತಳತೆ ಪುರುಷರಿಗೆ 90, ಮಹಿಳೆಯರಿಗೆ 80 ಸೆಂಟಿಮೀಟರ್ ದಾಟಿದರೆ ಅಪಾಯದ ಸೂಚನೆ. 30 ವರ್ಷ ದಾಟಿದವರ ತಪಾಸಣೆಗಾಗಿ ಆಶಾ ಕಾರ್ಯಕರ್ತೆಯರು ತುಂಬುವ ನಮೂನೆಯಲ್ಲೇ ಈ ಅಳತೆಗೆ ಜಾಗವಿದೆ. ಅದು ಕಾಗದದಲ್ಲಷ್ಟೇ ಉಳಿಯದೆ, ಅಂಥವರ ರಕ್ತದೊತ್ತಡ ಮತ್ತು ಸಕ್ಕರೆ ಪರೀಕ್ಷೆಗೆ ದಾರಿಯಾಗಬೇಕು. ಯೂರಿಕ್ ಆಮ್ಲದ ವರದಿ ಹಿಡಿದು ಬೇಳೆಗೆ ಶಿಕ್ಷೆ ವಿಧಿಸುವ ಮೊದಲು ಸೊಂಟಕ್ಕೊಮ್ಮೆ ಅಳತೆ ಪಟ್ಟಿ ಹಿಡಿಯುವುದು ಒಳಿತು.