ವಾಯಿದೆಯೋ, ಜೂಜೋ?

ನನ್ನ ತವರು ಸಿರುಗುಪ್ಪದಲ್ಲಿ ಭತ್ತ, ಅತ್ತೆಮನೆ ಕುರುಗೋಡಿನಲ್ಲಿ ಮೆಣಸಿನಕಾಯಿ. ಎರಡೂ ಕಡೆ ಒಂದೇ ಚಿಂತೆ: ಸುಗ್ಗಿಯಲ್ಲಿ ಧಾರಣೆ ಬಿದ್ದರೆ? ಈ ಭಯಕ್ಕೆ ಹುಟ್ಟಿದ್ದೇ ವಾಯಿದೆ ವ್ಯಾಪಾರ. ಇಂದೇ ಬೆಲೆ ಕಟ್ಟಿಕೊಂಡರೆ, ನಾಳೆ ಪೇಟೆ ಕುಸಿದರೂ ವಾಯಿದೆಯ ಲಾಭ ಆ ನಷ್ಟ ತುಂಬುತ್ತದೆ. 2021ರ ಡಿಸೆಂಬರಿನಲ್ಲಿ ಸೆಬಿ ಬಾಸುಮತಿಯಲ್ಲದ ಭತ್ತಕ್ಕೆ ಆ ಬಾಗಿಲು ಮುಚ್ಚಿತು. ಆದರೆ ಕ್ರಿಕೆಟ್ ಪಂದ್ಯ ಯಾರು ಗೆಲ್ಲುತ್ತಾರೆಂದು ಹಣ ಕಟ್ಟುವ ಮೊಬೈಲ್ ಪೇಟೆ, 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡುವ ತನಕ ತೆರೆದೇ ಇತ್ತು.

ಬಳ್ಳಾರಿಯ ನಮ್ಮ ಮನೆಯಲ್ಲಿ ಮೈದುನ ಅದಕ್ಕೆ ಕಟ್ಟಿ ಕಳೆದದ್ದು ನನ್ನ ಚೀಟಿ ದುಡ್ಡು. “ಇದೂ ಮಾರ್ಕೆಟ್ಟೇ ಅತ್ತಿಗೆ” ಎಂದ. ಅಲ್ಲಪ್ಪಾ! ಹೊಲದಲ್ಲಿ ಬೆಳೆ ಇದ್ದವನು ಕಟ್ಟಿದರೆ ಕಾವಲು. ಏನೂ ಬೆಳೆಯದವನು ಕಟ್ಟಿದರೆ ಜೂಜು. ಕಾವಲಿಗೆ ಬೀಗ, ಜೂಜಿಗೆ ಮೂರೂವರೆ ವರ್ಷ ಹೆಬ್ಬಾಗಿಲು: ಇದ್ಯಾವ ನ್ಯಾಯ?